ಉದ್ದಣ್ಣನ ಬೆನ್ನು, ಚಿಕ್ಕವರ ಬೆನ್ನು

ನಲವತ್ತೊಂಬತ್ತು ತುಂಬಿ, ಮೀಸೆ ಅರ್ಧಕ್ಕರ್ಧ ನರೆತು, ಮಗಳ ಮದುವೆಯನ್ನೂ ಮಾಡಿ ಮುಗಿಸಿದ್ದರೂ ಸಲೂನಿಗೆ ಬರುವವರ ಬಾಯಲ್ಲಿ ಅವರು ಇನ್ನೂ ಚಿಕ್ಕವರೇ ಆಗಿದ್ದರು. ಮೊದಲನೆಯ ಕುರ್ಚಿಯ ಹಿಂದೆ ನಿಲ್ಲುವ ಅಣ್ಣ ದೊಡ್ಡವರು, ಎರಡನೆಯ ಕುರ್ಚಿಯ ಹಿಂದೆ ನಿಲ್ಲುವ ತಮ್ಮ ಚಿಕ್ಕವರು. ಕೂದಲಿಗೆ ದೊಡ್ಡವರು, ಗಡ್ಡಕ್ಕೆ ಚಿಕ್ಕವರು ಎಂದು ಅಪ್ಪನೇ ಕೆಲಸ ಹಂಚಿಕೊಟ್ಟು ಹೋಗಿದ್ದ. ಆ ಹಂಚಿಕೆಯನ್ನು ಬದಲಿಸೋಣ ಎಂದು ಇಪ್ಪತ್ತಾರು ವರ್ಷಗಳಲ್ಲಿ ಇಬ್ಬರಿಗೂ ತೋಚಿರಲಿಲ್ಲ. ತೋಚಿದ್ದರೂ ಗಿರಾಕಿಗಳು ಬಿಡುತ್ತಿರಲಿಲ್ಲ.

ಚಿಕ್ಕವರ ಕೈ ಅಂಥದ್ದು. ಮಡಚುವ ರೇಜರಿಗೆ ಹೊಸ ಬ್ಲೇಡು ಸಿಕ್ಕಿಸಿ, ಎಡಗೈಯ ಎರಡು ಬೆರಳಲ್ಲಿ ಕೆನ್ನೆಯ ಚರ್ಮವನ್ನು ಮೇಲಕ್ಕೆ ಎಳೆದು ಹಿಡಿದು, ಕಿವಿಯ ಬುಡದಿಂದ ಗದ್ದದವರೆಗೆ ಒಂದೇ ಎಳೆತಕ್ಕೆ ಇಳಿಸಿದರೆಂದರೆ ಕುರ್ಚಿಯಲ್ಲಿದ್ದವರಿಗೆ ಹಾಯಾಗಿ ನಿದ್ದೆ ಬರುತ್ತಿತ್ತು. ಗೊರಕೆ ಹೊಡೆಯುವವರ ಗಡ್ಡ ತೆಗೆಯುವುದರಲ್ಲಿ ಅವರದು ಎತ್ತಿದ ಕೈ. ಕತ್ತನ್ನು ಹಿಂದಕ್ಕೆ ಚೆಲ್ಲಿ, ಗಂಟಲನ್ನು ಅಲಗಿನ ಕೆಳಗಿಟ್ಟು ನಿದ್ದೆ ಮಾಡುವಷ್ಟು ನಂಬಿಕೆ ಕಟ್ಟಿಕೊಂಡ ಹೆಂಡತಿಯ ಮೇಲೂ ಎಲ್ಲರಿಗೂ ಇರುವುದಿಲ್ಲ. ಚಿಕ್ಕವರ ಮೇಲೆ ಇತ್ತು. ಅವರು ಬದುಕಿನಲ್ಲಿ ಸಂಪಾದಿಸಿದ್ದು ಅದೊಂದನ್ನೇ ಎಂದರೂ ತಪ್ಪಿಲ್ಲ.

ಇನ್ನು ಅವರ ಕುರ್ಚಿ. ಅಪ್ಪನ ಕಾಲದ್ದು, ಕೆಳಗೆ ಪೆಡಲ್ ಇದ್ದದ್ದು. ಪೆಡಲ್ ತುಳಿದರೆ ಕುರ್ಚಿ ಮೇಲೇರಬೇಕು. ಆರು ವರ್ಷದ ಹಿಂದೆ ಅದು ಏರುವುದನ್ನು ನಿಲ್ಲಿಸಿ, ಕೆಳಗೆ ಕೂತದ್ದು ಕೂತೇ ಬಿಟ್ಟಿತ್ತು. ರಿಪೇರಿಯವನು ಬಂದು ನೋಡಿ, ಇದರ ಸಾಮಾನು ಈಗ ಎಲ್ಲೂ ಸಿಗೋಲ್ಲ ಎಂದು ಕೈ ತೊಳೆದುಕೊಂಡಿದ್ದ. ಹೊಸದು ತರೋಣ ಎಂದು ದೊಡ್ಡವರು ಪ್ರತಿ ವರ್ಷ ಹೇಳುತ್ತಿದ್ದರು, ಪ್ರತಿ ವರ್ಷ ಮರೆಯುತ್ತಿದ್ದರು. ಕುರ್ಚಿ ಬಗ್ಗಲಿಲ್ಲ, ಚಿಕ್ಕವರು ಬಗ್ಗಿದರು. ದಿನಕ್ಕೆ ಇಪ್ಪತ್ತು ಗಡ್ಡ, ಇಪ್ಪತ್ತು ಸಲ ಸೊಂಟ ಮುರಿದು ನಿಲ್ಲುವುದು.

ಎರಡು ವರ್ಷದಿಂದ ಆ ಸೊಂಟ ಸೇಡು ತೀರಿಸಿಕೊಳ್ಳುತ್ತಿತ್ತು. ಮೊದಲು ಬೆಳಿಗ್ಗೆ ಮಾತ್ರ ಹಿಡಿದುಕೊಳ್ಳುತ್ತಿದ್ದದ್ದು ಆಮೇಲಾಮೇಲೆ ಯಾವ ಹೊತ್ತಿನಲ್ಲಾದರೂ ಎರಗತೊಡಗಿತು. ಸೊಂಟದಿಂದ ಮಂಡಿಯವರೆಗೆ ಸರಕ್ಕನೆ ಇಳಿಯುತ್ತಿತ್ತು, ಇಳಿದ ಕ್ಷಣಕ್ಕೆ ಕೈ ಜಗ್ಗುತ್ತಿತ್ತು. ಡಾಕ್ಟರು ಸ್ಕ್ಯಾನಿಂಗ್ ಫೋಟೋವನ್ನು ಬೆಳಕಿಗೆ ಹಿಡಿದು, ಇಲ್ಲಿ ಎರಡು ಮೂಳೆಯ ನಡುವಿನ ಮೆತ್ತೆ ಜಾರಿ ನರವನ್ನು ಒತ್ತುತ್ತಿದೆ, ಮೂರು ತಿಂಗಳು ಬಗ್ಗುವ ಕೆಲಸ ಬಿಡಿ ಎಂದಿದ್ದರು.

"ಬಗ್ಗದೆ ಗಡ್ಡ ತೆಗೆಯೋದು ಹೇಗೆ ಅಂತ ಅವರನ್ನೇ ಕೇಳ್ಬೇಕಿತ್ತು," ಎಂದು ಚಿಕ್ಕವರು ಮನೆಗೆ ಬಂದು ನಕ್ಕಿದ್ದರು.

ಹೆಂಡತಿ ನಗಲಿಲ್ಲ. "ಭಾವನಿಗೆ ಹೇಳಿ. ಮೂರು ತಿಂಗಳು ತಾನೇ? ಅವರೇನು ಹುಲೀನಾ, ನಿಮ್ಮನ್ನ ತಿಂದು ಹಾಕೋಕೆ?"

"ಅಣ್ಣನಿಗೆ ಹೇಳಿದ್ರೆ ಅಂಗಡಿಗೆ ಹೇಳಿದ ಹಾಗೆ. ಅಂಗಡಿಗೆ ಹೇಳಿದ್ರೆ ಊರಿಗೇ ಹೇಳಿದ ಹಾಗೆ. ಕೈ ಜಗ್ಗುತ್ತೆ ಅಂತ ಗೊತ್ತಾದ ಮೇಲೆ ಯಾರು ನನ್ನ ಮುಂದೆ ಕತ್ತು ಕೊಟ್ಟು ಕೂತ್ಕೋತಾರೆ ಹೇಳು. ನೀನು ಕೂತ್ಕೋತೀಯಾ?"

"ನನಗೆ ಗಡ್ಡ ಇಲ್ವಲ್ಲ," ಎಂದಳು ಅವಳು. ಆದರೂ ಅಂದಿನಿಂದ ದಿನಾ ಬೆಳಿಗ್ಗೆ ಅಂಗಿಯ ಒಳಗೆ ಅಗಲದ ಬೆಲ್ಟನ್ನು ಬಿಗಿದು ಕಟ್ಟಿ ಕಳಿಸುವ ಕೆಲಸ ಅವಳದಾಯಿತು. ಉಸಿರು ಒಳಗೆಳೆದುಕೊಳ್ಳಿ ಎನ್ನುತ್ತಿದ್ದಳು, ಎಳೆದುಕೊಂಡರೆ ಒಂದು ತೂತು ಮುಂದಕ್ಕೆ ಸಿಕ್ಕಿಸುತ್ತಿದ್ದಳು. ಸಂಜೆ ಮನೆಗೆ ಬಂದು ಅದನ್ನು ಬಿಚ್ಚಿಸಿಕೊಳ್ಳುವವರೆಗೆ ಚಿಕ್ಕವರು ಪೂರ್ತಿ ಉಸಿರು ಬಿಡುತ್ತಿರಲಿಲ್ಲ.

ಹೀಗಿರುವಾಗ ಬಾಸ್ಕೆಟ್‌ಬಾಲ್ ಸೀಸನ್ ಬಂತು, ಅದರ ಜೊತೆ ಉದ್ದಣ್ಣನ ಬೆನ್ನೂ ಬಂತು.

ಉದ್ದಣ್ಣ ಎನ್ನುವುದು ಸಲೂನಿನವರು ಇಟ್ಟ ಹೆಸರು. ಏಳು ಅಡಿಗೆ ಎರಡೇ ಬೆರಳು ಕಡಿಮೆ. ಅವನಿದ್ದರೆ ತಂಡ ಗೆಲ್ಲುತ್ತಿತ್ತು, ಅವನಿಲ್ಲದಿದ್ದರೆ ಪಂದ್ಯ ನೋಡುವುದೂ ದಂಡ. ಟಿವಿಯನ್ನು ಕುರ್ಚಿಗಳ ಹಿಂದಿನ ಗೋಡೆಗೆ ಹಾಕಿದ್ದರಿಂದ ಕೆಲಸ ಮಾಡುವ ಅಣ್ಣತಮ್ಮಂದಿರಿಗೆ ಆಟ ಕಾಣುತ್ತಿದ್ದದ್ದು ಕನ್ನಡಿಯಲ್ಲಿ. ಉದ್ದಣ್ಣ ಎಡಗೈಯವನು ಎಂದು ಚಿಕ್ಕವರು ಒಂದು ಸೀಸನ್ ಪೂರ್ತಿ ನಂಬಿದ್ದರು, ಗಿರಾಕಿಯೊಬ್ಬರ ಜೊತೆ ಪಂಥ ಕಟ್ಟುವವರೆಗೂ ಹೋಗಿ ನಗೆಪಾಟಲಾಗಿದ್ದರು.

ಎರಡು ವರ್ಷದಲ್ಲಿ ಮೂರನೆಯ ಸಲ ಉದ್ದಣ್ಣ ಬೆನ್ನು ಹಿಡಿದುಕೊಂಡು ಹೊರಗೆ ಕೂತಿದ್ದ. ಸೆಮಿಫೈನಲ್‌ಗೆ ಒಂದೇ ವಾರ ಇತ್ತು. ಸಲೂನು ಎರಡು ಹೋಳಾಯಿತು. ಗೋಡೆಯ ಕಡೆಯ ಬೆಂಚು ನಾಟಕ ಎನ್ನುವವರಿಗೆ, ಕಿಟಕಿಯ ಕಡೆಯ ಬೆಂಚು ನಿಜ ಎನ್ನುವವರಿಗೆ ಎಂದು ದೊಡ್ಡವರು ಕಾನೂನು ಮಾಡಿದರು. ಗಡ್ಡಕ್ಕೆ ಬಂದವನು ಮೊದಲು ಪಕ್ಷ ಹೇಳಿ ಆಮೇಲೆ ಕೂರಬೇಕು. ಕ್ರಾಪು ಮಾಡಿಸಿಕೊಳ್ಳಲು ಬಂದು, ಬಾಸ್ಕೆಟ್‌ಬಾಲಿನ ಗಂಧವೂ ಇಲ್ಲದ ಒಬ್ಬರು ಯಾವ ಬೆಂಚೂ ಸಿಗದೆ ಬಾಗಿಲಲ್ಲೇ ನಿಂತಿದ್ದರು.

ಗೋಡೆಯ ಬೆಂಚಿಗೆ ದೊಡ್ಡವರೇ ನಾಯಕರು, ಕತ್ತರಿ ಹಿಡಿದು ನಿಂತಲ್ಲಿಂದಲೇ.

"ಲೀಗ್ ಪಂದ್ಯದಲ್ಲಿ ಕುಣೀತಾನೆ. ಸೆಮಿಫೈನಲ್ ಬಂತು ಅಂದ್ರೆ ಬೆನ್ನು ಹಿಡ್ಕೊಳ್ಳುತ್ತೆ. ಬೆನ್ನಿಗೂ ಕ್ಯಾಲೆಂಡರ್ ನೋಡೋಕೆ ಬರುತ್ತಾ?" ಎಂದರು ಅವರು. "ನಮ್ಮಪ್ಪ ಎಪ್ಪತ್ತೊಂದು ವರ್ಷದವರೆಗೂ ನಿಂತು ಕೆಲಸ ಮಾಡಿದ. ಒಂದು ದಿನ ಬೆನ್ನು ಅಂದಿದ್ದು ನಾನು ಕೇಳಿಲ್ಲ."

"ಸರಿಯಾಗಿ ಹೇಳಿದ್ರಿ," ಎಂದ ಬಸ್ ಕಂಡಕ್ಟರ್. "ನಾನು ದಿನಕ್ಕೆ ಒಂಬತ್ತು ಗಂಟೆ ಬಸ್ಸಲ್ಲಿ ನಿಂತಿರ್ತೀನಿ. ನನ್ನ ಬೆನ್ನು ಹೇಗಿದೆ ಅಂತ ಯಾವ ಟಿವಿಯವನೂ ಬಂದು ಕೇಳಿಲ್ಲ."

ಕಿಟಕಿಯ ಬೆಂಚಿಗೆ ಮೇಷ್ಟ್ರು, ಚಿಕ್ಕವರ ಕುರ್ಚಿಯಲ್ಲಿ ಕೂತಲ್ಲಿಂದಲೇ. ನಿವೃತ್ತರಾಗಿ ಏಳು ವರ್ಷವಾಗಿದ್ದರೂ ಮಾತಾಡುವಾಗ ಬಲಗೈ ಸೀಮೆಸುಣ್ಣ ಹಿಡಿದಂತೆಯೇ ಇರುತ್ತಿತ್ತು. ವಾರಕ್ಕೆರಡು ಸಲ, ಬುಧವಾರ ಮತ್ತು ಭಾನುವಾರ, ಇಪ್ಪತ್ತೆರಡು ವರ್ಷದಿಂದ ಚಿಕ್ಕವರ ಕೈಯಲ್ಲೇ ಅವರ ಗಡ್ಡ.

"ಕಾಲು ಮುರಿದ್ರೆ ಬ್ಯಾಂಡೇಜ್ ಕಾಣುತ್ತೆ, ನಂಬ್ತೀರಿ. ಬೆನ್ನು ಕಾಣೋಲ್ಲ, ನಾಟಕ ಅಂತೀರಿ," ಎಂದರು ಮೇಷ್ಟ್ರು. "ನೋವು ಅನ್ನೋದು ಪಟ್ಟವನಿಗೆ ಗೊತ್ತು. ಪಕ್ಕದವನಿಗೆ ಅದರ ಮೇಲೆ ತೀರ್ಪು ಕೊಡೋ ಹಕ್ಕಿಲ್ಲ."

"ಇದನ್ನೇ ಹೇಳಿ ಹೋಮ್‌ವರ್ಕ್ ಮಾಡದವರನ್ನೆಲ್ಲ ಬಿಟ್ಟುಬಿಟ್ರಿ ನೀವು," ಎಂದು ದೊಡ್ಡವರು ನಗೆ ಎಬ್ಬಿಸಿದರು.

ಮೇಷ್ಟ್ರ ಕೆನ್ನೆಗೆ ನೊರೆ ಹಚ್ಚುತ್ತಿದ್ದ ಚಿಕ್ಕವರಿಗೆ ನೋವಿನ ಆ ಮಾತು ಕೇಳಿ ಕಣ್ಣು ತುಂಬಿಬಂತು. ತಮ್ಮ ಪರವಾಗಿ ಯಾರೋ ಕೋರ್ಟಿನಲ್ಲಿ ವಾದ ಮಾಡಿದಂತಾಗಿತ್ತು. ಈ ಮನುಷ್ಯನಿಗೆ ಹೇಳಿಬಿಡಬಹುದು ಎನ್ನಿಸಿತು. ಬುಧವಾರ, ಅಂಗಡಿಯಲ್ಲಿ ಜನ ಕಡಿಮೆ ಇದ್ದಾಗ, ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಬೇಕು ಎಂದುಕೊಂಡರು. ಯಾಕೆ ಹೇಳಬೇಕು, ಹೇಳಿ ಏನಾಗಬೇಕು ಎಂಬುದೆಲ್ಲ ಅವರಿಗೆ ಸ್ಪಷ್ಟವಿರಲಿಲ್ಲ. ಒಬ್ಬರಿಗಾದರೂ ಗೊತ್ತಿರಲಿ ಎನ್ನಿಸಿತ್ತು, ಅಷ್ಟೆ.

ಅಷ್ಟರಲ್ಲಿ ಕಂಡಕ್ಟರ್ ಬಾಯಿ ಹಾಕಿದ. "ಎಲ್ಲರದೂ ಆಯ್ತು. ಚಿಕ್ಕವರು ಯಾವ ಬೆಂಚು? ಅವರ ಬಾಯಿಂದ ಒಂದು ಮಾತು ಬಂದಿಲ್ಲ."

"ಹೌದಲ್ಲ," ಎಂದು ದೊಡ್ಡವರು ಕತ್ತರಿ ನಿಲ್ಲಿಸಿದರು. "ಹೇಳೋ. ನಾಟಕಾನೋ, ನಿಜಾನೋ?"

ಇಡೀ ಸಲೂನು ಕನ್ನಡಿಯಲ್ಲಿ ಚಿಕ್ಕವರ ಮುಖ ನೋಡಿತು. ಕಿಟಕಿಯ ಬೆಂಚಿನ ತುದಿಯಲ್ಲಿ ಔಷಧಿ ಅಂಗಡಿಯವನಿದ್ದ. ವಾರವಾರ ಇವರಿಗೆ ನೋವಿನ ಮಾತ್ರೆಯ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಕೊಡುವವನು. ಅವನೂ ನೋಡಿದ. ಬೆಲ್ಟಿನ ಅಂಚು ಪಕ್ಕೆಲುಬಿಗೆ ಒತ್ತುತ್ತಿತ್ತು. ನಿಜ ಎಂದರೆ ಮುಂದಿನ ಪ್ರಶ್ನೆ, ನಿಮಗೆ ಹೇಗೆ ಗೊತ್ತು ಎಂಬುದೇ ಆಗಿರುತ್ತದೆ ಎಂದು ಚಿಕ್ಕವರಿಗೆ ಅನ್ನಿಸಿತು. ಯಾರೂ ಹಾಗೆ ಕೇಳುತ್ತಿರಲಿಲ್ಲ. ಆದರೆ ಬಚ್ಚಿಟ್ಟುಕೊಂಡವನಿಗೆ ಎಲ್ಲರೂ ಪೊಲೀಸರೇ.

"ನಾಟಕ," ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. "ಶುದ್ಧ ನಾಟಕ. ಗಂಡಸಾದವನು ಹಲ್ಲು ಕಚ್ಚಿ ಆಡ್ತಾನೆ. ಬೆನ್ನು ನೋವು ಯಾರಿಗೆ ಇರಲ್ಲ?"

ಗೋಡೆಯ ಬೆಂಚು ಚಪ್ಪಾಳೆ ತಟ್ಟಿತು. ದೊಡ್ಡವರು ಮಾತ್ರ ತಟ್ಟಲಿಲ್ಲ, ತಮ್ಮನನ್ನು ಒಂದು ಗಳಿಗೆ ನೋಡಿ ಮತ್ತೆ ಬಾಚಣಿಗೆ ಎತ್ತಿಕೊಂಡರು. ಔಷಧಿ ಅಂಗಡಿಯವನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ.

"ನೀವೂನಾ?" ಎಂದರು ಮೇಷ್ಟ್ರು ನೊರೆಯ ನಡುವಿನಿಂದ. ಚಿಕ್ಕವರು ಕೇಳಿಸದವರಂತೆ ರೇಜರನ್ನು ಬಟ್ಟೆಗೆ ಒರೆಸಿದರು. ಬುಧವಾರ ಮೇಷ್ಟ್ರು ಬಂದಾಗ ಅಂಗಡಿಯಲ್ಲಿ ಜನ ಕಡಿಮೆಯೇ ಇದ್ದರು. ಚಿಕ್ಕವರು ಹವೆಯ ವಿಷಯ ಮಾತಾಡಿ ಕಳಿಸಿದರು.

ಸೆಮಿಫೈನಲ್ ಭಾನುವಾರ ಮಧ್ಯಾಹ್ನ ಇತ್ತು. ಬೆನ್ನಿಗೆ ಸೂಜಿ ಹಾಕಿಸಿಕೊಂಡು ಉದ್ದಣ್ಣ ಆಡುತ್ತಾನೆ ಎಂದು ಬೆಳಿಗ್ಗೆಯೇ ಸುದ್ದಿ ಬಂದಿತ್ತು. ಸಲೂನಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಎರಡು ಬೆಂಚಿನ ಕಾನೂನೂ ಗಾಳಿಗೆ ಹೋಗಿತ್ತು. ಚಿಕ್ಕವರು ಬೆಳಿಗ್ಗೆಯಿಂದ ಹದಿನೇಳು ಗಡ್ಡ ಮುಗಿಸಿದ್ದರು, ಎರಡು ಮಾತ್ರೆ ನುಂಗಿದ್ದರು. ಹದಿನೆಂಟನೆಯದು ಮೇಷ್ಟ್ರದು.

ಪಂದ್ಯ ಮುಗಿಯಲು ಮೂರು ನಿಮಿಷವಿತ್ತು. ಕೆನ್ನೆ ಎರಡೂ ಆಗಿ ಗಂಟಲಿಗೆ ಬಂದಿದ್ದರು. ಉದ್ದಣ್ಣ ಇಬ್ಬರನ್ನು ಹಾರಿ ಚೆಂಡನ್ನು ಬುಟ್ಟಿಗೆ ತುರುಕಿದನೋ ಇಲ್ಲವೋ, ಅಂಗಡಿಯೇ ಎದ್ದು ನಿಂತು ಕೂಗಿತು. ಕಣ್ಣು ಮುಚ್ಚಿದ್ದ ಮೇಷ್ಟ್ರು ಬೆಚ್ಚಿ ಕನ್ನಡಿಯ ಕಡೆ ಕತ್ತು ತಿರುಗಿಸಿದರು.

ಸೀನು ಬರಲಿ, ಕೆಮ್ಮು ಬರಲಿ, ಭೂಮಿಯೇ ನಡುಗಲಿ, ಮೊದಲು ಅಲಗು ಮೇಲೆ ಎಂದು ಅಪ್ಪ ಕಲಿಸಿದ್ದ. ಚಿಕ್ಕವರ ಕೈ ಮೇಲೇಳಲು ಹೊರಟಿತು, ಅದರ ಹಿಂದೆ ಸೊಂಟ ತಿರುಗಿತು, ತಿರುಗಿದಲ್ಲೇ ಹಿಡಿದುಕೊಂಡಿತು. ಈ ಸಲ ಕೈ ಜಗ್ಗಲಿಲ್ಲ. ಇಡೀ ಮೈ ಬೀಗ ಹಾಕಿದಂತೆ ನಿಂತುಬಿಟ್ಟಿತು. ಎಡಗೈ ಕುರ್ಚಿಯ ತೋಳಿನ ಮೇಲಿತ್ತು, ಮೈಯ ಅರ್ಧ ಭಾರ ಅದರ ಮೇಲೆ. ಇನ್ನರ್ಧ ಭಾರ ಮೇಷ್ಟ್ರ ದವಡೆಗೆ ಆನಿಸಿಕೊಂಡಿದ್ದ ಬಲಗೈಯ ಮೇಲೆ. ಆ ಬಲಗೈಯಲ್ಲೇ ರೇಜರ್. ಒಂದು ಕೈ ಎತ್ತಿದರೂ ತಾವು ಅಲಗಿನ ಸಮೇತ ಮೇಷ್ಟ್ರ ಮೇಲೆ ಬೀಳುವುದು ಖಂಡಿತ ಎಂದು ಚಿಕ್ಕವರಿಗೆ ಗೊತ್ತಾಯಿತು.

"ಅಲ್ಲಾಡ್ಬೇಡಿ ಮೇಷ್ಟ್ರೇ," ಎಂದರು. ದನಿ ಪಿಸುಮಾತಿಗಿಂತ ಮೇಲೆ ಏಳಲಿಲ್ಲ.

ಮೇಷ್ಟ್ರು ತಮಾಷೆ ಎಂದುಕೊಂಡರು. ಆಮೇಲೆ ಕನ್ನಡಿಯಲ್ಲಿ ಚಿಕ್ಕವರ ಮುಖ ನೋಡಿದರು. ಬೆವರು ಹಣೆಯಿಂದ ಮೂಗಿಗೆ, ಮೂಗಿನಿಂದ ಮೇಷ್ಟ್ರ ಕೆನ್ನೆಗೇ ತೊಟ್ಟಿಕ್ಕುತ್ತಿತ್ತು. ಮೇಷ್ಟ್ರ ಕಣ್ಣು ದೊಡ್ಡದಾಯಿತು. ಉಗುಳು ನುಂಗಲು ಹೋಗಿ, ಗಂಟಲು ಆಡಿದರೆ ಅಲಗು ತಾಗುವುದೆಂದು ಅರಿತು, ನುಂಗದೆ ಉಳಿದರು. ಸುತ್ತ ಮೂವತ್ತು ಜನ ಇವರಿಬ್ಬರಿಗೆ ಬೆನ್ನು ಹಾಕಿ ಟಿವಿ ನೋಡುತ್ತ ಕೂಗುತ್ತಿದ್ದರು.

"ಅಣ್ಣ," ಎಂದರು ಚಿಕ್ಕವರು.

"ಇರೋ, ಇನ್ನೆರಡು ನಿಮಿಷ," ಎಂದರು ದೊಡ್ಡವರು ತಿರುಗಿ ನೋಡದೆ.

ಎಡಗೈ ಕುರ್ಚಿಯ ತೋಳಿನ ಮೇಲೆ ಜಾರತೊಡಗಿತು. ಅದು ಸೋತರೆ ಎಲ್ಲ ಮುಗಿಯಿತು. ಕೂಗಲೇಬೇಕು, ಕೂಗಿದರೆ ಎಲ್ಲರೂ ನೋಡುತ್ತಾರೆ. ಆ ಹೊತ್ತಿನಲ್ಲೂ, ಒಬ್ಬರ ಗಂಟಲು ತಮ್ಮ ಅಲಗಿನ ಕೆಳಗಿರುವಾಗಲೂ, ಎಲ್ಲರೂ ನೋಡುತ್ತಾರೆ ಎಂದು ತಾವು ಹಿಂಜರಿದದ್ದನ್ನು ಚಿಕ್ಕವರು ಆಮೇಲೆ ಎಷ್ಟೋ ದಿನ ನೆನೆದು ನಾಚಿದರು.

"ಅಣ್ಣ, ನನ್ನ ಕೈಯಿಂದ ಇದನ್ನ ತಗೋ."

ದನಿಯಲ್ಲಿ ಏನಿತ್ತೋ, ದೊಡ್ಡವರು ತಿರುಗಿದರು. ಎರಡು ಹೆಜ್ಜೆಗೆ ಬಂದು ಒಂದು ಕೈಯಲ್ಲಿ ತಮ್ಮನ ಎದೆಯನ್ನು ತಡೆದು, ಇನ್ನೊಂದರಲ್ಲಿ ಮುಷ್ಟಿಯನ್ನು ಬಿಡಿಸಿ ರೇಜರ್ ತೆಗೆದುಕೊಂಡರು. ತೆಗೆಯುವಾಗ ದವಡೆಯ ಕೆಳಗೆ ಉಗುರಿನಷ್ಟು ಉದ್ದ ಕೊಯ್ದಿತು. ರಕ್ತ ಬಿಳಿಯ ನೊರೆಯಲ್ಲಿ ಹರಡಿದ್ದರಿಂದ ಇದ್ದದ್ದಕ್ಕಿಂತ ಹೆಚ್ಚಾಗಿ ಕಂಡಿತು. ಈಗ ಎಲ್ಲರೂ ನೋಡಿದರು. ಉದ್ದಣ್ಣ ಗೆಲ್ಲಿಸಿದ್ದನ್ನು ಯಾರೂ ಗಮನಿಸಲಿಲ್ಲ.

"ಏನಿಲ್ಲ, ಸಾಬೂನು ಜಾರಿತು," ಎಂದು ದೊಡ್ಡವರು ಗಟ್ಟಿಯಾಗಿ ಹೇಳಿದರು. ಪಟಿಕದ ಕಲ್ಲನ್ನು ಒದ್ದೆ ಮಾಡಿ ಗಾಯಕ್ಕೆ ಒತ್ತಿ ಹಿಡಿದರು. ಚಿಕ್ಕವರು ಬೇಸಿನ್ನಿನ ಅಂಚು ಹಿಡಿದು, ಕೈ ತೊಳೆಯುವವರಂತೆ ನಲ್ಲಿ ಬಿಟ್ಟುಕೊಂಡು ನಿಂತಿದ್ದರು. ಬೆನ್ನು ನೆಟ್ಟಗಾಗಲು ಕಾಲು ಗಂಟೆ ಹಿಡಿಯಿತು, ಅಲ್ಲಿಯವರೆಗೂ ಕೈ ತೊಳೆದರು.

ಸಂಜೆ ಬಾಗಿಲು ಎಳೆದ ಮೇಲೆ ದೊಡ್ಡವರು ನೆಲದ ಕೂದಲು ಗುಡಿಸುತ್ತ, ತಲೆ ಎತ್ತದೆ ಕೇಳಿದರು. "ಬೆನ್ನಾ?"

ಇದಕ್ಕಿಂತ ಅಗಲವಾಗಿ ಬಾಗಿಲು ತೆರೆಯುವುದು ಸಾಧ್ಯವಿರಲಿಲ್ಲ. ಒಂದು ಹೌದು ಎಂದಿದ್ದರೆ ಸಾಕಿತ್ತು. ಆದರೆ ಗಂಡಸಾದವನು ಹಲ್ಲು ಕಚ್ಚಿ ಆಡುತ್ತಾನೆ ಎಂದು ಇದೇ ನೆಲದ ಮೇಲೆ ನಿಂತು ಎಲ್ಲರೆದುರು ಹೇಳಿ ಹತ್ತು ದಿನವೂ ಆಗಿರಲಿಲ್ಲ.

"ಇಲ್ಲ ಅಣ್ಣ. ಕಾಲು ಜೋಮು ಹಿಡ್ಕೊಂಡಿತ್ತು."

"ಸರಿ ಹಾಗಾದ್ರೆ," ಎಂದರು ದೊಡ್ಡವರು. ಮೊರದಲ್ಲಿ ಕೂದಲನ್ನು ತುಂಬಿ ಡಬ್ಬಿಗೆ ಸುರಿದರು.

ಆ ವಾರ ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿರುತ್ತಿತ್ತು. ಕಂಡಕ್ಟರ್ ಬಂದು ಗಡ್ಡ ಬಿಟ್ಟು ನೋಡೋಣ ಅಂತಿದ್ದೀನಿ ಎಂದ. ಇನ್ನೊಬ್ಬರು ಮಗ ಮಷೀನು ತಂದುಕೊಟ್ಟಿದ್ದಾನೆ ಎಂದರು. ಔಷಧಿ ಅಂಗಡಿಯವನು ಬಂದೇನೋ ಕೂತ, ಆದರೆ ಅಲಗು ಗಂಟಲಿಗೆ ಬರುತ್ತಲೇ ಅಷ್ಟು ಸಾಕು, ಕೆಳಗಿನದು ನಾನೇ ನೋಡ್ಕೋತೀನಿ ಎಂದು ಎದ್ದ. ಎಲ್ಲರ ಮಾತೂ ಮರ್ಯಾದೆಯದೇ. ಇಪ್ಪತ್ತು ಗಡ್ಡ ಏಳಾಯಿತು, ಏಳು ಮೂರಾಯಿತು. ಕೆಲಸ ಕಡಿಮೆಯಾದ್ದರಿಂದ ಬೆನ್ನಿಗೆ ತುಸು ಆರಾಮವಾಯಿತು. ಚಿಕ್ಕವರಿಗೆ ಆ ಆರಾಮವೇ ಬೇಡವಾಗಿತ್ತು.

ಬುಧವಾರ ಮೇಷ್ಟ್ರು ಬರಲಿಲ್ಲ. ಭಾನುವಾರ ಬಂದೇ ಬರುತ್ತಾರೆ, ಬಂದಾಗ ಎಲ್ಲವನ್ನೂ ಹೇಳಿ ಕ್ಷಮೆ ಕೇಳಬೇಕು ಎಂದು ಚಿಕ್ಕವರು ನಿಶ್ಚಯಿಸಿದರು. ನೋವು ಪಟ್ಟವನಿಗೆ ಗೊತ್ತು ಎಂದ ಮನುಷ್ಯ ಅವರು, ಅರ್ಥ ಮಾಡಿಕೊಳ್ಳದೆ ಇರುತ್ತಾರೆಯೇ? ಊರೆಲ್ಲ ಬಿಟ್ಟು ಹೋದರೂ ಮೇಷ್ಟ್ರೊಬ್ಬರು ಬಂದು ಕೂತರೆ ಉಳಿದವರೂ ಹಿಂದೆಯೇ ಬರುತ್ತಾರೆ ಎಂಬ ಲೆಕ್ಕಾಚಾರವೂ ಒಳಗೊಳಗೆ ಇತ್ತು.

ಭಾನುವಾರ ಮೇಷ್ಟ್ರು ಬಂದರು. ದವಡೆಯ ಕೆಳಗೆ ಸಣ್ಣ ಪ್ಲಾಸ್ಟರ್, ಒಂದು ವಾರದ ಗಡ್ಡ. ಬೆಂಚಿನ ಮೇಲೆ ಆರೇಳು ಜನ ಫೈನಲ್ ಪಂದ್ಯಕ್ಕೆ ಕಾಯುತ್ತಿದ್ದರು. ಎರಡನೆಯ ಕುರ್ಚಿ ಖಾಲಿಯಿತ್ತು. ಚಿಕ್ಕವರು ಸೀಟನ್ನು ಟವೆಲಿನಿಂದ ಎರಡು ಸಲ ಒರೆಸಿ, ಪಕ್ಕಕ್ಕೆ ಸರಿದು ನಿಂತರು.

"ಬನ್ನಿ ಮೇಷ್ಟ್ರೇ."

ಮೇಷ್ಟ್ರು ಕುರ್ಚಿಯ ಕಡೆ ಒಂದು ಹೆಜ್ಜೆ ಇಟ್ಟರು. ಬರಬೇಕೆಂದೇ ಹೊರಟಿದ್ದರು, ಅದು ಅವರ ಮುಖದಲ್ಲೇ ಇತ್ತು. ಆದರೆ ಕಾಲು ಅಲ್ಲೇ ನಿಂತಿತು, ಕೈ ತಾನಾಗಿ ಪ್ಲಾಸ್ಟರಿಗೆ ಹೋಯಿತು.

"ಇರಲಿ," ಎಂದರು ಬೆಂಚಿನ ತುದಿಗೆ ಕೂರುತ್ತ. "ನಾನು ದೊಡ್ಡವರಿಗೇ ಕಾಯ್ತೀನಿ. ನನಗೇನೂ ಅವಸರ ಇಲ್ಲ."

ಚಿಕ್ಕವರ ಕೈಯಲ್ಲಿ ಟವೆಲ್ ಉಳಿಯಿತು. ಅದನ್ನು ಎಲ್ಲಿ ಇಡಬೇಕೆಂದು ಅವರಿಗೆ ತಿಳಿಯಲಿಲ್ಲ. ಮನೆಗೆ ಹೋಗಿಬಿಡೋಣ ಎನ್ನಿಸಿತು. ಹೋಗಬೇಕೆಂದರೆ ಎರಡೂ ಬೆಂಚಿನ ನಡುವೆ ದಾಟಿಕೊಂಡೇ ಹೋಗಬೇಕು.

ದೊಡ್ಡವರು ಒಬ್ಬರ ತಲೆಯನ್ನು ಅರ್ಧಕ್ಕೆ ತಂದಿದ್ದರು. ಬಾಚಣಿಗೆಯನ್ನು ಅದೇ ತಲೆಯಲ್ಲಿ ಸಿಕ್ಕಿಸಿ, "ಐದು ನಿಮಿಷ," ಎಂದು ಅವನಿಗೆ ಹೇಳಿ, ನೇರ ಬಂದು ಎರಡನೆಯ ಕುರ್ಚಿಯಲ್ಲಿ ಕೂತರು. ಅವರು ತಮ್ಮ ಗಡ್ಡವನ್ನು ಬೆಳಿಗ್ಗೆ ಮನೆಯಲ್ಲೇ ತೆಗೆದುಕೊಂಡು ಬಂದಿದ್ದು ನುಣುಪಾದ ಕೆನ್ನೆ ನೋಡಿದರೇ ತಿಳಿಯುತ್ತಿತ್ತು. ಕತ್ತನ್ನು ಹಿಂದಕ್ಕೆ ಚೆಲ್ಲಿದರು.

"ಮಾಡು," ಎಂದರು, ಎಲ್ಲರಿಗೂ ಕೇಳಿಸುವಂತೆ.

ಚಿಕ್ಕವರು ಬಟ್ಟೆ ಹೊದಿಸಿದರು. ನೊರೆ ಕಲಸಿದರು. ಬ್ರಷ್ ಆಡಿಸಲು ಬಗ್ಗಿದಾಗ ಸೊಂಟ ಎಂದಿನಂತೆ ಗದರಿಸಿತು. ಬಾಯಿ ಅಣ್ಣನ ಕಿವಿಯ ಹತ್ತಿರವಿತ್ತು.

"ಅಣ್ಣ, ಬೇಡ. ನನ್ನ ಬೆನ್ನು..."

"ಗೊತ್ತು," ಎಂದರು ದೊಡ್ಡವರು ತುಟಿ ಅಲ್ಲಾಡಿಸದೆ. "ವರ್ಷದಿಂದ ಗೊತ್ತು. ಮೆಲ್ಲಗೆ ಮಾತಾಡು, ನೋಡ್ತಿದ್ದಾರೆ."

ವರ್ಷದಿಂದ. ಹಾಗಾದರೆ ಬೆನ್ನಿಗೆ ಕ್ಯಾಲೆಂಡರ್ ನೋಡಲು ಬರುತ್ತದೆಯೇ ಎಂದದ್ದು, ಅಪ್ಪನ ಎಪ್ಪತ್ತೊಂದು ವರ್ಷದ ಕಥೆ, ಎಲ್ಲ ಗೊತ್ತಿದ್ದೇ ಹೇಳಿದ್ದು. ಚಿಕ್ಕವರಿಗೆ ಅಣ್ಣನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಅದರ ಬೆನ್ನಿಗೇ ಅಳು ಬಂತು. ಎರಡನ್ನೂ ಇಟ್ಟುಕೊಳ್ಳಲು ಅಲ್ಲಿ ಜಾಗವಿರಲಿಲ್ಲ. ಅವರು ರೇಜರ್ ಬಿಚ್ಚಿದರು. ಇವತ್ತು ಈ ಗಡ್ಡ ತೆಗೆದರೆ ನಾಳೆ ಮತ್ತೆ ಇಪ್ಪತ್ತು ಗಡ್ಡ, ನಾಡಿದ್ದು ಇಪ್ಪತ್ತು, ನನ್ನ ಕೈಲಿ ಆಗುವುದಿಲ್ಲ ಎಂದು ಇನ್ನು ಯಾವತ್ತೂ ಹೇಳುವ ಹಾಗಿಲ್ಲ. ಅದು ಅಣ್ಣನಿಗೂ ಗೊತ್ತಿತ್ತು.

ಟಿವಿಯಲ್ಲಿ ಆಟಗಾರರು ಕೋರ್ಟಿಗೆ ಬರುತ್ತಿದ್ದರು, ಯಾರೂ ಅತ್ತ ನೋಡಲಿಲ್ಲ. ಮೇಷ್ಟ್ರು ನೆಲ ನೋಡುತ್ತಿದ್ದರು. ಚಿಕ್ಕವರು ಎರಡು ಬೆರಳಲ್ಲಿ ಚರ್ಮವನ್ನು ಎಳೆದು ಹಿಡಿದು, ಉಸಿರು ಕಟ್ಟಿ, ಅಣ್ಣನ ಗಂಟಲ ಮೇಲೆ ಅಲಗನ್ನು ಇಟ್ಟರು. ದೊಡ್ಡವರು ಕಣ್ಣು ಮುಚ್ಚಿ, ನಿದ್ದೆ ಬಂದವರಂತೆ ನಿರಾಳವಾಗಿ ಮಲಗಿದ್ದರು. ಹೊದಿಸಿದ ಬಟ್ಟೆಯ ಕೆಳಗೆ ಮಾತ್ರ ಅವರ ಎರಡೂ ಕೈಗಳು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು, ಚಿಕ್ಕವರು ನಿಂತಲ್ಲಿಂದ ಬಟ್ಟೆಯ ಮೇಲೆ ಆ ಹಿಡಿತದ ಉಬ್ಬು ಕಾಣುತ್ತಿತ್ತು.